ನನ್ನ ಪ್ರಾಯ ಎಷ್ಟೆಂದು ಕೇಳಿದರು

ಮೊದಲು ಬಾತದ್ದು ಕಾಲು. ಎಂಟನೇ ತಿಂಗಳಲ್ಲಿ ಅದು ಇದ್ದದ್ದೇ ಎಂದರು ಅತ್ತೆ. ಆಮೇಲೆ ಮುಖವೂ ಬಾತಿತು. ತಲೆನೋವು ಬಿಡಲಿಲ್ಲ. ಒಂದು ಬೆಳಿಗ್ಗೆ ದೋಸೆ ಹೊಯ್ಯುತ್ತಿದ್ದಾಗ ಒಲೆಯ ಮೇಲಿನ ಕಾವಲಿ ಎರಡಾಗಿ ಕಂಡಿತು.

ಅಷ್ಟೇ ನೆನಪು.

ಉಳಿದದ್ದನ್ನು ಬೇರೆಯವರ ಬಾಯಿಂದ ಕೇಳಿ ಜೋಡಿಸಿದ್ದೇನೆ. ನನಗೆ ಫಿಟ್ಸ್ ಬಂತಂತೆ. ಗಂಡನ ಊರಾದ ಗುತ್ತಿಗಾರಿನಿಂದ ಜೀಪಿನಲ್ಲಿ ಪುತ್ತೂರಿನ ಆಸ್ಪತ್ರೆಗೆ ತಂದರಂತೆ. ದಾರಿಯಲ್ಲಿ ಇನ್ನೆರಡು ಸಲ ಬಂತಂತೆ. ಹೆರಿಗೆಯಾದದ್ದೇ ನನಗೆ ಗೊತ್ತಿಲ್ಲ. ಕಣ್ಣು ಬಿಟ್ಟಾಗ ನಾಲಿಗೆ ಕಚ್ಚಿ ಗಾಯವಾಗಿತ್ತು. ಪಕ್ಕದಲ್ಲಿ ಬಟ್ಟೆ ಸುತ್ತಿದ ಒಂದು ಹೆಣ್ಣುಮಗು. ಯಾರದ್ದು ಎಂದು ಕೇಳಿದೆ. ಕಡಬದಿಂದ ಬಂದಿದ್ದ ನನ್ನ ಅಮ್ಮ ಅತ್ತುಬಿಟ್ಟಳು.

ಡಾಕ್ಟ್ರಮ್ಮ ಬಂದು ಬಿ.ಪಿ. ನೋಡಿದರು.

"ನಿನಗೆ ಪ್ರಾಯ ಎಷ್ಟು?"

"ಹತ್ತೊಂಬತ್ತು," ಎಂದರು ಅತ್ತೆ.

"ನಾನು ಅವಳನ್ನು ಕೇಳಿದ್ದು."

ಯಾರಾದರೂ ಕೇಳಿದರೆ ಹದಿನಾರು ಎನ್ನು ಎಂದು ಮದುವೆಯ ಹಿಂದಿನ ದಿನ ಅಮ್ಮ ಕಲಿಸಿದ್ದಳು. ಶಾಲೆಯಲ್ಲಿ ಮಾಸ್ತರರು ಅಂದಾಜಿಗೆ ಬರೆದುಕೊಂಡದ್ದು ಇನ್ನೊಂದು. ನಾನು ಹುಟ್ಟಿದ್ದನ್ನು ಯಾರೂ ಎಲ್ಲಿಯೂ ಬರೆಸಿರಲಿಲ್ಲ. ಫಿಟ್ಸಿನ ನಂತರ ತಲೆಯೆಲ್ಲ ಮಂಜು ಮಂಜು, ನಿಜ. ಆದರೆ ಸೌಖ್ಯವಾಗಿದ್ದಾಗಲೂ ನನಗೆ ನನ್ನ ಪ್ರಾಯ ಗೊತ್ತಿರಲಿಲ್ಲ.

"ಗೊತ್ತಿಲ್ಲ," ಎಂದೆ.

ಡಾಕ್ಟ್ರಮ್ಮ ಅಮ್ಮನತ್ತ ತಿರುಗಿದರು. "ನನಗೆ ಬೇಕಾದ್ದು ಚಿಕಿತ್ಸೆಗೆ. ಸರಿಯಾಗಿ ಹೇಳಿ ಮಾರಾಯ್ರೆ."

"ಬರುವ ದೀಪಾವಳಿಗೆ ಹದಿನೈದು ತುಂಬುದು," ಎಂದಳು ಅಮ್ಮ, ನೆಲ ನೋಡುತ್ತಾ.

ಅತ್ತೆ ಎದ್ದು ಹೊರಗೆ ಹೋದರು.

ಡಾಕ್ಟ್ರಮ್ಮ ಬೈಯಲಿಲ್ಲ. ಬೆಳೆಯುವ ಮೈ, ಇನ್ನು ನಾಲ್ಕು ವರ್ಷ ತಾಯಿಮನೆಯಲ್ಲೇ ಇರಲಿ, ಇನ್ನೊಂದು ಹೆರಿಗೆ ಇವಳ ಜೀವಕ್ಕೆ ಅಪಾಯ ಎಂದರು. ಇಂಥ ಹುಡುಗಿಯರನ್ನು ಕಾಯಲೆಂದೇ ಕಾನೂನು ಇರುವುದು ಎಂದೂ ಹೇಳಿದರು.

ಮರುದಿನ ಮಾವ ಬಂದರು. ಮಗುವಿನ ಹುಟ್ಟು ಬರೆಸಲು ಪೇಟೆಯ ಕಚೇರಿಗೆ ಕೊಡಬೇಕಾದ ಚೀಟಿಯನ್ನು ನರ್ಸ್ ಅವರ ಕೈಗಿತ್ತಳು. ಮಾವ ಅದನ್ನು ಮಡಚಿ ಕಿಸೆಗೆ ಹಾಕಿದರು.

"ಇದು ಬರೆಸುದು ಬೇಡ," ಎಂದರು. "ಹುಡುಗಿಗೆ ಹದಿನೈದು, ಹುಡುಗನಿಗೆ ಹದಿನೆಂಟು ಆಗದೆ ಮದುವೆ ಮಾಡಿದ್ರೆ ಕೇಸು ಉಂಟು. ಇವನಿಗೆ ಹದಿನೇಳು. ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಯಾರು ಎಂತ ಕೇಳ್ತಾರೆ ಅಂತ ಗೊತ್ತಾಗುದಿಲ್ಲ."

ನನ್ನ ಗಂಡ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದರು.

ನನ್ನನ್ನು ಕಾಯುವ ಕಾನೂನು. ಅದಕ್ಕೇ ಹೆದರಿ ನನ್ನ ಮಗಳನ್ನು ಬಚ್ಚಿಡುವುದು. ಮಾವ ಜೈಲಿಗೆ ಹೋಗಬೇಕೆಂದು ನನಗೆ ಆಸೆಯೇ? ಇಲ್ಲ. ಅವರು ಮಾಡಿದ್ದು ಸರಿಯೇ? ಅದೂ ತಿಳಿಯಲಿಲ್ಲ. ತಿಳಿಯದೆಯೇ ಬಾಯಿ ತೆರೆದೆ. ಮಾವನ ಎದುರು ನಾನು ಮಾತಾಡಿದ್ದು ಅದೇ ಮೊದಲು.

"ನಂಗೆ ಪ್ರಾಯ ಇಲ್ಲ ಮಾವ. ಯಾರು ಎಷ್ಟು ಹೇಳ್ತಾರೋ ಅದೇ ನನ್ನ ಪ್ರಾಯ. ಇವಳಿಗೆ ಹಾಗೆ ಮಾಡ್ಬೇಡಿ."

ಆಗ ನನ್ನ ಗಂಡ ಒಳಗೆ ಬಂದು ಅಪ್ಪನ ಮುಂದೆ ಕೈ ಚಾಚಿದರು. ಮಾವ ಕಿಸೆಯಿಂದ ಚೀಟಿ ತೆಗೆದುಕೊಟ್ಟರು.

ಗಂಡ ಹೋಗಿ ಚೀಟಿ ಕೊಟ್ಟಾಗ ಕಚೇರಿಯ ಗುಮಾಸ್ತರು ತಾಯಿಯ ಹೆಸರು ಕೇಳಿದರಂತೆ. ಪ್ರಾಯ ಕೇಳಲೇ ಇಲ್ಲವಂತೆ.

ಈಗ ಕಡಬದಲ್ಲಿ ಅಮ್ಮನ ಜೊತೆ ಇದ್ದೇನೆ. ಬಾವು ಇಳಿದಿದೆ. ಕೆಲವು ಸಲ ಮಾತಿನ ನಡುವೆ ಹೆಸರುಗಳು ಮರೆತುಹೋಗುತ್ತವೆ. ಗಂಡ ಆಗಾಗ ಬಂದು ಮಗುವನ್ನು ಎತ್ತಿಕೊಂಡು, ಊಟ ಮಾಡಿ, ಸಂಜೆಯ ಬಸ್ಸಿಗೆ ಹೋಗುತ್ತಾರೆ. ಇಬ್ಬರಿಗೂ ಹೇಗೆ ಮಾತಾಡಬೇಕೆಂದು ಇನ್ನೂ ಸರಿಯಾಗಿ ಗೊತ್ತಿಲ್ಲ. ಬದುಕಿದ್ದೇವೆ, ಸಾಕು. ಮಗಳು ಹುಟ್ಟಿದ ದಿನವನ್ನು ನಾನು ಕಾಣಲಿಲ್ಲ. ಅದು ಪುತ್ತೂರಿನ ಕಚೇರಿಯ ಒಂದು ಪುಸ್ತಕದಲ್ಲಿದೆ.