ಬೆಳಕಿನ ವೇಗ ಮತ್ತು ಪಕ್ಕದ ಮನೆಯ ಬ್ರಹ್ಮಚಾರಿ

ಯಶವಂತಪುರದ ರೈಲ್ವೆ ಗೇಟಿನ ಹತ್ತಿರದ ವಠಾರದಲ್ಲಿ ನಾವಿದ್ದಾಗ, ಪಕ್ಕದ ಖಾಲಿ ಮನೆಗೆ ಒಬ್ಬ ಬ್ರಹ್ಮಚಾರಿ ಬಾಡಿಗೆಗೆ ಬಂದ. ಯಾವುದೋ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ. ಟೆರಿಲಿನ್ ಶರಟು ಹಾಕುತ್ತಿದ್ದ, ತಲೆಯ ತುಂಬ ಕೂದಲಿತ್ತು. ಇವೆರಡನ್ನೂ ನಾನು ಕ್ಷಮಿಸುತ್ತಿದ್ದೆನೇನೋ. ಆದರೆ ಬಂದ ತಿಂಗಳೊಳಗೆ ನಮ್ಮನೆಯ ಮೊದಲನೇ ಡಿಕಾಕ್ಷನ್ನಿನ ಕಾಫಿ ಅವನ ಲೋಟಕ್ಕೆ ಬೀಳತೊಡಗಿತು. ಫಿಲ್ಟರಿಗೆ ಮತ್ತೊಮ್ಮೆ ಬಿಸಿನೀರು ಹುಯ್ದು ಬಂದದ್ದು ನನ್ನ ಪಾಲಿಗೆ. ಕೇಳಿದರೆ ನನ್ನ ಹೆಂಡತಿ, ನಿಮಗೆ ಗಟ್ಟಿ ಕಾಫಿ ಕುಡಿದರೆ ನಿದ್ದೆ ಬರೋದಿಲ್ಲವಲ್ಲ ಅಂದಳು. ನಿಜವೇ. ಆದರೆ ಅದು ಆವತ್ತಿನವರೆಗೆ ಅವಳಿಗೆ ಹೊಳೆದಿರಲಿಲ್ಲ.

ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಗೂಡ್ಸ್ ಗಾಡಿ ಶಂಟಿಂಗ್ ಮಾಡುವಾಗ ಗೋಡೆ ಅದುರಿದರೆ ಹೆಂಚು ಬೀಳುತ್ತದೆಂದು ಹೆದರಿ, ಬೀಳದಿದ್ದರೆ ಯಾಕೆ ಬೀಳಲಿಲ್ಲವೆಂದು ಯೋಚಿಸುವ ಸ್ವಭಾವ. ಇಷ್ಟು ಪುಕ್ಕಲನಾದ ನಾನು ನಿಶ್ಚಿಂತೆಯಿಂದ ಇದ್ದದ್ದು ಒಂದೇ ವಿಷಯದಲ್ಲಿ: ಬೆಳಕಿನ ವೇಗ. ಅದನ್ನು ಹುಡುಗರಿಗೆ ಮಗ್ಗಿಯ ಹಾಗೆ ರಾಗವಾಗಿ ಹೇಳಿಕೊಡುತ್ತಿದ್ದೆ. ಜಗತ್ತಿನಲ್ಲಿ ಬಾಡಿಗೆ ಏರಬಹುದು, ಹೆಡ್‌ಮೇಷ್ಟ್ರು ಬದಲಾಗಬಹುದು, ಇದು ಮಾತ್ರ ಬದಲಾಗದು ಎಂಬ ಧೈರ್ಯ.

ಒಂದು ಸಂಜೆ ನಮ್ಮ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಆ ಮಹಾನುಭಾವ ಕೈ ಹಾಕಿದ್ದು ಅದಕ್ಕೇ. ಬೆಳಕಿನ ವೇಗ ಹಿಂದೆಯೂ ಇಷ್ಟೇ ಇತ್ತು ಎಂದು ನಮಗೆ ಹೇಗೆ ಗೊತ್ತು ಅಂದ. ನಮ್ಮ ಮುತ್ತಾತನ ಮುತ್ತಾತ ಹುಟ್ಟುವ ಮೊದಲೇ ನಕ್ಷತ್ರದಿಂದ ಹೊರಟ ಬೆಳಕು ಈಗ ಬಂದು ಮುಟ್ಟುತ್ತಿದೆ, ಅದು ಹೊರಟಾಗ ಯಾವ ವೇಗದಲ್ಲಿ ಹೊರಟಿತೋ ನೋಡಿದವರು ಯಾರು?

ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ನನ್ನ ಹೆಂಡತಿಯ ಕೈ ನಿಂತಿತು. "ಹಾಗಾದ್ರೆ ನಕ್ಷತ್ರ ಅಷ್ಟು ದೂರ ಇದೆ ಅನ್ನೋ ಲೆಕ್ಕಾನೂ ತಪ್ಪಾಗ್ಬಹುದಾ?" ಎಂದು ಕೇಳಿದಳು.

"ಗೊತ್ತಿಲ್ಲ ಅಕ್ಕಾ," ಅಂದ ಅವನು, ಖುಷಿಯಾಗಿ.

ನನಗೆ ಉರಿದದ್ದು ಎರಡು ಕಾರಣಕ್ಕೆ. ಮದುವೆಯಾಗಿ ಹತ್ತು ಹನ್ನೆರಡು ವರ್ಷ ಕಳೆದಿತ್ತು. ವಿಜ್ಞಾನದ ಮೇಷ್ಟ್ರ ಹೆಂಡತಿ ಅಷ್ಟು ವರ್ಷ ನನ್ನನ್ನು ಕೇಳಿದ ಪ್ರಶ್ನೆಗಳೆಂದರೆ ಸೌದೆ ಯಾವಾಗ ಬರುತ್ತದೆ, ಸಂಬಳ ಯಾವಾಗ ಬರುತ್ತದೆ. ಇನ್ನು ಗೊತ್ತಿಲ್ಲ ಎಂಬ ಮಾತನ್ನು ಅವನು ಪ್ರಸಾದದ ಹಾಗೆ ಕೈಗಿಟ್ಟ, ಅವಳು ಕಣ್ಣಿಗೊತ್ತಿಕೊಂಡ ಹಾಗೆ ತೆಗೆದುಕೊಂಡಳು. ನಾನು ಕ್ಲಾಸಿನಲ್ಲಿ ಒಂದು ಸಲ ಹಾಗಂದಿದ್ದರೆ ಹುಡುಗರು ವಾರಗಟ್ಟಲೆ ಬೆನ್ನ ಹಿಂದೆ ನಗುತ್ತಿದ್ದರು.

ಮಾರನೆಯ ಸಂಜೆಯೇ ಅವನ ಬಾಯಿ ಮುಚ್ಚಿಸಲು ನಿಶ್ಚಯಿಸಿದೆ. ನಾನು ಓದಿದ್ದ ಹಳೆಯ ಪುಸ್ತಕದಲ್ಲಿ ವೇಗ ಮೈಲಿಯಲ್ಲಿತ್ತು. ಆಗಷ್ಟೇ ಎಲ್ಲವೂ ಮೆಟ್ರಿಕ್ ಆಗುತ್ತಿದ್ದ ಕಾಲ, ಹೊಸ ಪುಸ್ತಕದಲ್ಲಿ ಕಿಲೋಮೀಟರಿನಲ್ಲಿತ್ತು. ಹಳೆಯದನ್ನು ಅವರಿಬ್ಬರ ಕಣ್ಣೆದುರೇ ಕಿಲೋಮೀಟರಿಗೆ ತಿರುಗಿಸಿ, ನೋಡಿ, ಅಂದಿಗೂ ಇಂದಿಗೂ ಕೂದಲಷ್ಟೂ ವ್ಯತ್ಯಾಸವಿಲ್ಲ ಎಂದು ಹೇಳುವುದು ನನ್ನ ಯೋಜನೆ. ಹೆಂಡತಿಯನ್ನೂ ಕರೆದು ಕೂರಿಸಿದೆ. ಮೊದಲೇ ಒಮ್ಮೆ ಲೆಕ್ಕ ಮಾಡಿ ನೋಡುವ ಬುದ್ಧಿ ಮಾತ್ರ, ಹಾಲು ಉಕ್ಕೀತೆಂದು ಒಲೆ ಹಚ್ಚುವ ಮೊದಲೇ ಹೆದರುವ ನನಗೆ, ಆ ದಿನ ಬರಲಿಲ್ಲ.

ಸ್ಲೇಟಿನ ಮೇಲೆ ಗುಣಿಸಿದೆ. ಕೊನೆಯ ಅಂಕಿಗಳು ಹೊಸ ಪುಸ್ತಕದ್ದಕ್ಕೆ ತಾಳೆಯಾಗಲಿಲ್ಲ. ಒರೆಸಿ ಮತ್ತೆ ಗುಣಿಸಿದೆ. ಆಗಲೂ ತಾಳೆಯಾಗಲಿಲ್ಲ. ಬೆಳಕಿನ ವೇಗ ಬದಲಾಗಿದೆ ಎಂದು ವಠಾರದ ಜಗಲಿಯಲ್ಲಿ ಕೂತು ಸಾಧಿಸಿ ತೋರಿಸಿದವನು ನಾನಾದೆ.

ಅವನು ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಆ ಪಾಪಿ ನನ್ನ ಪರವಾಗಿ ವಾದಿಸಿದ. ಸಾರ್ ಲೆಕ್ಕ ಸರಿಯಾಗಿದೆ, ಒಬ್ಬರಾದ ಮೇಲೆ ಒಬ್ಬರು ಅಳೆದಾಗ ಉತ್ತರ ಅಷ್ಟಿಷ್ಟು ಬೇರೆಯಾಗಿದೆ, ಮಧ್ಯೆ ಕೆಲವು ವರ್ಷ ಎಲ್ಲರಿಗೂ ಕಡಿಮೆಯೇ ಬಂತು, ಬೆಳಕೇ ನಿಧಾನವಾಗುತ್ತಿದೆ ಎಂದು ಬರೆದವರೂ ಇದ್ದಾರೆ, ಆಮೇಲೆ ಒಳ್ಳೆಯ ಉಪಕರಣ ಬಂದ ಮೇಲೆ ಮತ್ತೆ ಮೇಲೆ ಹೋಯಿತು ಅಂದ. ಅಳೆಯುವವರು ಹಿಂದಿನವರಿಗೆ ಬಂದ ಉತ್ತರದ ಹತ್ತಿರ ಬರುವವರೆಗೂ ತಮ್ಮದರಲ್ಲಿ ತಪ್ಪು ಹುಡುಕುತ್ತಾರೆ, ಹತ್ತಿರ ಬಂದೊಡನೆ ಹುಡುಕುವುದನ್ನು ನಿಲ್ಲಿಸುತ್ತಾರೆ, ಹಾಗಾಗಿ ಎಲ್ಲರೂ ಒಟ್ಟಿಗೆ ತಪ್ಪಿರಬಹುದು ಎಂದೂ ಹೇಳಿದ. ನನ್ನ ಹೆಂಡತಿ ಗಲ್ಲಕ್ಕೆ ಕೈಯಿಟ್ಟು ಕೇಳುತ್ತಿದ್ದಳು. ನಾನು ಸ್ಲೇಟು ಒರೆಸುತ್ತಲೇ ಇದ್ದೆ, ಅದರಲ್ಲಿ ಒರೆಸಲು ಏನೂ ಉಳಿದಿರಲಿಲ್ಲ.

ಮರುದಿನ ಬೆಳಗ್ಗೆ ಅಬ್ಬಿಗೆರೆಯಿಂದ ಹಾಲಿನವಳು ಬಂದಳು. ಊರೆಲ್ಲ ಲೀಟರಾದರೂ ಅವಳದು ಪಾವಿನ ಅಳತೆಯೇ. ಅವಳು ಹುಯ್ದದ್ದನ್ನು ನನ್ನ ಹೆಂಡತಿ ನಮ್ಮ ಪಾವಿನಲ್ಲಿ ಇನ್ನೊಮ್ಮೆ ಅಳೆಯುವುದು ದಿನದ ಪದ್ಧತಿ.

"ದಿನಾ ಇಂಗೇ ಅಳೀತೀರಲ್ಲ ಅಮ್ಮಾವ್ರೇ, ಆಲು ಯಾವತ್ತಾದ್ರೂ ಕಮ್ಮಿ ಬಂದೈತಾ?" ಎಂದು ಗೊಣಗಿಕೊಂಡು ಅವಳು ಹೋದಳು. ನನ್ನ ಹೆಂಡತಿ ಪಾವು ಹಿಡಿದು ಅಲ್ಲೇ ನಿಂತಳು.

"ರೀ, ಅವಳ ಪಾವೂ ನಮ್ಮ ಪಾವೂ ಒಂದೇ ಸಮ ಸವೆದಿದ್ರೆ, ಹಾಲು ಕಮ್ಮಿ ಅಂತ ಗೊತ್ತಾಗತ್ತಾ?"

"ಗೊತ್ತಾಗಲ್ಲ," ಅಂದೆ.

"ಹಾಗೇ ಬೆಳಕಿನ ಜೊತೆಗೆ ಅಳೆಯೋ ಕೋಲು, ಗಡಿಯಾರ, ನಾವು, ಎಲ್ಲಾ ಒಂದೇ ಸಮ ಬದಲಾದ್ರೆ?"

ಕೇಳಿದ್ದು ನನ್ನನ್ನು. ಜಗಲಿಯಲ್ಲಿ ಬೇರೆ ಯಾರೂ ಇರಲಿಲ್ಲ, ಖಚಿತ ಮಾಡಿಕೊಳ್ಳಲು ತಿರುಗಿ ನೋಡಿದೆ. ಎದೆ ಉಬ್ಬಿತು. ಉಬ್ಬಿದ್ದು ಕೂಡಲೇ ಇಳಿಯಿತು, ಯಾಕೆಂದರೆ ಉತ್ತರ ನನಗೆ ಗೊತ್ತಿರಲಿಲ್ಲ. ಸಂಜೆ ಹೇಳುತ್ತೇನೆ ಅಂದೆ. ಸ್ಕೂಲಿನಲ್ಲಿ ದಿನವಿಡೀ ಅದೇ ಯೋಚನೆ. ಸಂಜೆಯ ಹೊತ್ತಿಗೆ, ಈ ಊರಿನಲ್ಲಿ ನಾನು ಕೇಳಬಹುದಾದವನು ಒಬ್ಬನೇ ಎಂಬುದು ಸ್ಪಷ್ಟವಾಯಿತು. ಸೀದಾ ಅವನ ಬಾಗಿಲಿಗೆ ಹೋದೆ. ನಮ್ಮನೆಯ ಕಿಟಕಿಗೆ ಕಾಣದ ಹಾಗೆ, ಹಿಂದುಗಡೆಯಿಂದ.

ಪ್ರಶ್ನೆ ಕೇಳಿ ಅವನು ಓದುತ್ತಿದ್ದ ಪುಸ್ತಕ ಮುಚ್ಚಿದ. ಹಾಗೆ ಎಲ್ಲವೂ ಒಟ್ಟಿಗೆ ಬದಲಾದರೆ ಯಾವ ಅಳತೆಗೂ ಸಿಕ್ಕುವುದಿಲ್ಲವೇನೋ, ಬದಲಾಯಿತು ಅನ್ನುವ ಮಾತಿಗೇ ಆಗ ಅರ್ಥ ಉಳಿಯುತ್ತದೋ ಇಲ್ಲವೋ ಅಂದ.

"ಇದು ನಿಮಗೆ ಹೊಳೆದದ್ದಾ ಸಾರ್?"

ಹೌದು ಅನ್ನಲು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. "ನಮ್ಮ ಮನೆಯವಳು ಕೇಳಿದ್ದು," ಅಂದೆ.

ಅವನು ತನ್ನ ಕೋಣೆಯನ್ನು ಸುತ್ತ ನೋಡಿದ. ಒಂದು ಮಂಚ, ಒಂದು ಸೀಮೆಎಣ್ಣೆ ಸ್ಟವ್, ತೊಳೆಯದ ಒಂದು ತಟ್ಟೆ. "ಬೆಳಗಾಗೆದ್ದು ಇಂಥದನ್ನ ಕೇಳೋರು ಮನೇಲೇ ಇದ್ದಾರಲ್ಲ ಸಾರ್ ನಿಮಗೆ," ಅಂದ. ಅಂದಾಗ ಮುಖದಲ್ಲಿ ಒಂದು ಕ್ಷಣ ಸುಳಿದದ್ದನ್ನು ನಾನು ಗುರುತು ಹಿಡಿದೆ. ತಿಂಗಳುಗಟ್ಟಲೆ ಶೇವಿಂಗ್ ಕನ್ನಡಿಯಲ್ಲಿ ಅದನ್ನೇ ನೋಡಿದ್ದೆ.

ಮನೆಗೆ ಬಂದು, ಗೊತ್ತಾಗುವುದಿಲ್ಲವಂತೆ ಅಂದೆ.

"ಅಂತೆ ಅಂದ್ರೆ, ಅವ್ರು ಹೇಳಿದ್ರಾ?"

"ಅವನೂ ಹೇಳ್ದ. ನಾನೂ ಹೇಳ್ತಿದೀನಿ."

ಅವಳು ನಕ್ಕಳು. ಒಲೆಯ ಉರಿ ತಗ್ಗಿಸಿ ಬಂದು ನನ್ನೆದುರು ಕೂತು, ಸರಿ, ಹಾಗಾದರೆ ಇನ್ನೊಂದು ಕೇಳುವುದಿದೆ ಅಂದಳು. ಕೇಳು ಅಂದೆ ಧೈರ್ಯವಾಗಿ, ಪಕ್ಕದ ಮನೆಯಲ್ಲಿ ಇನ್ನೂ ದೀಪ ಉರಿಯುತ್ತಿದೆಯೋ ಇಲ್ಲವೋ ಎಂದು ಓರೆಗಣ್ಣಿನಲ್ಲಿ ನೋಡಿಕೊಂಡು.