ಉಗಿ ಎಂಜಿನ್ನಿಗೆ ಅವ್ವ ತಂದ ಉಡಿ

ಮಂದಿ ರೈಲ್ವೆ ಮ್ಯೂಸಿಯಂ ನೋಡಲು ಮೊಬೈಲು ಹಿಡಿದು ಹೋಗುತ್ತಾರೆ. ನಮ್ಮವ್ವ ಅಫಜಲಪುರದಿಂದ ಹುಬ್ಬಳ್ಳಿಗೆ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಹಸಿರು ಖಣ ಗಂಟು ಕಟ್ಟಿಕೊಂಡು ಹೊರಟಳು. ಘತ್ತರಗಿಯ ಭಾಗ್ಯವಂತಿ ದೇವಿಗೆ ತುಂಬುವ ಹಾಗೆ ಉಗಿ ಎಂಜಿನ್ನಿಗೆ ಉಡಿ ತುಂಬಬೇಕಂತೆ. ಬಸ್ಸಿನಲ್ಲೇ ನನ್ನ ತಲೆ ಕೆಟ್ಟಿತ್ತು.

"ಮಂದಿ ನಗ್ತಾರ ಬೇ," ಅಂದೆ.

"ನಗಲಿ. ಹರಕಿ ಹೊತ್ತಾಕಿ ನಾನು. ತೀರಸದ ಸಾಯಂಗಿಲ್ಲ," ಅಂದಳು ಅವ್ವ.

ಹರಕೆ ಹೊತ್ತದ್ದು ನನಗಾಗಿ. ಅಪ್ಪ ಆಗ ಗಾಣಗಾಪುರ ರೋಡ್ ಸ್ಟೇಷನ್ನಿನಲ್ಲಿ ಗ್ಯಾಂಗ್‌ಮನ್, ಹಳಿ ನೋಡಿಕೊಳ್ಳುವ ಕೆಲಸ. ಕ್ವಾರ್ಟರ್ಸಿನ ಹೆಂಗಸರು ಕೊಡ ಹಿಡಿದು ಹೋದರೆ ನಿಂತ ಎಂಜಿನ್ನಿನ ಡ್ರೈವರ್ ಕುದಿಯುವ ನೀರು ಬಿಡುತ್ತಿದ್ದ. ಬಾಣಂತಿಯರ ಸ್ನಾನವೆಲ್ಲ ಅದರಲ್ಲೇ. ನಾನು ದಿನ ತುಂಬುವ ಮೊದಲೇ ಹುಟ್ಟಿದವಳು, ಅದೂ ಚಳಿಗಾಲದಲ್ಲಿ. ಮೈ ತಣ್ಣಗಾಗುತ್ತಿತ್ತಂತೆ, ಹಸಿ ಕಟ್ಟಿಗೆಗೆ ಒಲೆ ಹೊತ್ತಲಿಲ್ಲವಂತೆ. ಅಪ್ಪ ಓಡಿ ಗೂಡ್ಸ್ ಗಾಡಿಯ ಎಂಜಿನ್ನಿನಿಂದ ನೀರು ತಂದ. ಸೂಲಗಿತ್ತಿ ಬಿಸಿನೀರಿನ ತಂಬಿಗೆಗಳಿಗೆ ಬಟ್ಟೆ ಸುತ್ತಿ ನನ್ನ ಎರಡೂ ಬದಿಗೆ ಇಟ್ಟಳು. ಅವ್ವ ಮಲಗಿದಲ್ಲಿಂದಲೇ ಎಂಜಿನ್ನಿಗೆ ಕೈ ಮುಗಿದು, ಕೂಸು ಉಳಿದರೆ ನಿನಗೆ ಉಡಿ ತುಂಬುತ್ತೇನೆ ಎಂದು ಬೇಡಿಕೊಂಡಳು.

ನಾನು ಉಳಿದೆ. ಆದರೆ ಅವ್ವ ನನ್ನನ್ನೆತ್ತಿಕೊಂಡು ತವರಿಗೆ ಹೋಗಿ ಬಾಣಂತನ ಮುಗಿಸಿ ಬರುವಷ್ಟರಲ್ಲಿ ಅಲ್ಲಿ ಡೀಸೆಲ್ ಎಂಜಿನ್ನು ಓಡಾಡುತ್ತಿತ್ತು. ಅದಕ್ಕೇ ತುಂಬು ಎಂದು ಅಪ್ಪ ಹೇಳಿದರೆ, "ನೀರು ಕಾಸಿ ಕೊಟ್ಟಾಕಿ ಇಕಿ ಅಲ್ಲ," ಎಂದಳಂತೆ. ಎಂಜಿನ್ನು ಅವಳಿಗೆ ಹೆಣ್ಣೇ. ಹುಬ್ಬಳ್ಳಿಯ ಮ್ಯೂಸಿಯಂನಲ್ಲಿ ಹಳೆಯ ಉಗಿ ಎಂಜಿನ್ ಇಟ್ಟಿದ್ದಾರೆಂದು ಅವಳ ಕಿವಿಗೆ ಬಿದ್ದದ್ದು ಇಷ್ಟು ವರ್ಷದ ಮೇಲೆ, ಈಗ.

ಹುಬ್ಬಳ್ಳಿಯಲ್ಲಿ ಕರಿ ಎಂಜಿನ್ ಕಂಡದ್ದೇ ತಡ, ಅವ್ವ ಚಪ್ಪಲಿ ಬಿಟ್ಟು ಕುಂಕುಮ ತೆಗೆದಳು. ಕಾವಲಿಗಿದ್ದ ಹೆಣ್ಣುಮಗಳು ಓಡಿಬಂದಳು.

"ಅದಕ್ಕ ಏನೂ ಹಚ್ಚಂಗಿಲ್ರಿ ಅಮ್ಮಾರ. ಏನೂ ಇಡಂಗೂ ಇಲ್ಲ."

ನಾನು ಒಂದೇ ಉಸಿರಿನಲ್ಲಿ ಕಥೆಯೆಲ್ಲ ಹೇಳಿದೆ. ಕೇಳಿ ಅವಳ ಮುಖ ಸಣ್ಣದಾಯಿತು, ಆದರೂ ಆಗುವುದಿಲ್ಲವೆಂದು ತಲೆ ಅಲ್ಲಾಡಿಸಿದಳು. ಅಷ್ಟು ದೂರ ಬಂದು ಹೀಗಾಯಿತಲ್ಲ ಎಂದು ನನಗೆ ಸಿಟ್ಟು ನೆತ್ತಿಗೇರಿತು. ಜಗಳಕ್ಕೆ ನಿಂತೇ ಬಿಡುತ್ತಿದ್ದೆ, ಅವ್ವ ನನ್ನ ತೋಳು ಹಿಡಿದಳು. ಆ ಹೆಣ್ಣುಮಗಳನ್ನು ಮೇಲಿಂದ ಕೆಳಗೆ ನೋಡಿದಳು.

"ದಿನಾ ಇಕಿನ್ನ ಕಾಯಾಕಿ ನೀನ ಅಲ್ಲೇನವ್ವ? ಇಕಿ ಪರವಾಗಿ ನೀ ಉಡಿ ಒಡ್ಡು."

ಅವಳು ತನ್ನ ಪ್ಯಾಂಟು ಶರ್ಟು ನೋಡಿಕೊಂಡಳು. ಸೆರಗೆಲ್ಲಿಯದು? ನಾನು ನನ್ನ ವೇಲು ತೆಗೆದು ಅವಳ ಸೊಂಟಕ್ಕೆ ಕಟ್ಟಿದೆ. ಅವ್ವ ಖಣ, ಕಾಯಿ, ಎಲೆ ಅಡಿಕೆ ಇಟ್ಟು, ಅಕ್ಕಿ ಸುರಿದಳು.

ಉಡಿ ತುಂಬಿಸಿಕೊಂಡವಳು ನಾಲ್ಕು ಕಾಳು ತಿರುಗಿ ಕೊಡುವುದು ನಮ್ಮ ಕಡೆಯ ರೂಢಿ. ಅವಳಿಗೂ ಅದು ಗೊತ್ತಿತ್ತು. ಚಿಟಿಕೆ ಅಕ್ಕಿ ತೆಗೆದು ಎಂಜಿನ್ನಿನ ಗಾಲಿಗೆ ಮುಟ್ಟಿಸಿ ಅವ್ವನ ಕೈಗೆ ಹಾಕಿದಳು.

"ಮುಟ್ಟಿತ್ರಿ ಅಮ್ಮಾರ," ಅಂದಳು.

ಅವ್ವ ಆ ಕಾಳುಗಳನ್ನು ತನ್ನ ಸೆರಗಿಗೆ ಕಟ್ಟಿಕೊಳ್ಳಲಿಲ್ಲ. ಕೂದಲು ನರೆತ ನನ್ನ ನೆತ್ತಿಯ ಮೇಲೆ ಹಾಕಿ, ಹುಟ್ಟಿದ ಕೂಸಿನ ಮೈ ನೋಡುವ ಹಾಗೆ ನನ್ನ ಕೆನ್ನೆ ಮುಟ್ಟಿ ನೋಡಿದಳು.

"ಬೆಚ್ಚಗದಾಳ," ಅಂದಳು.