ಚಿಕ್ಕಮಾದಯ್ಯನ ಉಸಿರಿಗೆ ಬರೆದ ಮಾತು

‘ಟಪ್’ ಎಂದು ಕ್ಲ್ಯಾಪ್ ಹಲಗೆ ಬಡಿದ ಸದ್ದಿಗೆ ಚೆಂಡು ಹೂವಿನ ಹೊಲದಿಂದ ಗುಬ್ಬಿಗಳು ಎದ್ದವು. ಹಂಗಳದ ಆ ಹೊಲದ ಬದುವಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಗುರುಸಿದ್ದಯ್ಯ ಮೇಷ್ಟ್ರು ತಾವು ಬರೆದ ಮಾತಿಗಾಗಿ ಕಾಯುತ್ತಿದ್ದರು.

ಕುದೇರಿನ ಈ ನಾಟಕದ ಮೇಷ್ಟ್ರು ನಲವತ್ತು ವರ್ಷ, ಯಾರು ಯಾವ ಪಾರ್ಟು ಮಾಡುತ್ತಾರೆಂದು ತಿಳಿದ ಮೇಲೆಯೇ ಪೆನ್ನು ಹಿಡಿದವರು. ಉಬ್ಬಸದವನಿಗೆ ಗಿಡ್ಡ ಗಿಡ್ಡ ವಾಕ್ಯ. ಹೆಣ್ಣು ಪಾತ್ರದ ಚಿಕ್ಕಮಾದಯ್ಯನಿಗೆ ಮಾತ್ರ ಉದ್ದುದ್ದ ಬರೆಯುತ್ತಿದ್ದರು. ಅವನ ದನಿ ಬಯಲಿನ ತುದಿಯಲ್ಲಿ ಕೂತವರನ್ನೂ ಮುಟ್ಟುತ್ತಿತ್ತು. ಮಗನನ್ನು ಕಳೆದುಕೊಂಡ ತಾಯಿಯ ಪ್ರಲಾಪವನ್ನು ಅವನಿಗೆಂದೇ ಬರೆದರು. ತಾಲೀಮು ಶುರುವಾಗುವ ಮೊದಲೇ ಅವನ ಗಂಟಲಿಗೆ ಆಪರೇಷನ್ ಆಗಿ ದನಿ ಹೋಯಿತು. ಆ ನಾಟಕ ಆಡಲಿಲ್ಲ. ಆಮೇಲೆ ಮೇಷ್ಟ್ರನ್ನು ಯಾರೂ ನಾಟಕಕ್ಕೆ ಕರೆಯಲೂ ಇಲ್ಲ.

ಗುಂಡ್ಲುಪೇಟೆಯ ಕನಕರಾಜು, ಸಿನಿಮಾ ಮಾಡುತ್ತೇನೆ, ಮಾತು ಬರೆದುಕೊಡಿ ಎಂದಾಗ ಮೇಷ್ಟ್ರು ಆ ಪ್ರಲಾಪವನ್ನೇ ಕೊಟ್ಟರು. ಇವತ್ತು ಅದರ ಶೂಟಿಂಗು. ಬೆಳಗ್ಗೆ ಹೊರಡುವಾಗ ಚಿಕ್ಕಮಾದಯ್ಯ ದನಿಯಿಲ್ಲದ ಬರೀ ಉಸಿರಿನಲ್ಲಿ, ‘ಫೋನಲ್ಲಿ ರೆಕಾರ್ಡ್ ಮಾಡ್ಕಂಡ್ ಬಾ. ಒಂದ್ಸಲ ಕೇಳ್ಬುಡ್ತೀನಿ’ ಎಂದಿದ್ದ.

ಮೇಷ್ಟ್ರು ಫೋನು ಎತ್ತಿ ಹಿಡಿದರು. ಕೇರಳದಿಂದ ಬಂದ ನಟಿ ಕಣ್ತುಂಬಿಕೊಂಡು, ತುಟಿ ನಡುಗಿಸುತ್ತ, ‘ಒನ್ನು... ರಂಡು... ಮೂನ್ನು...’ ಎಂದು ಮಲಯಾಳದಲ್ಲಿ ಎಣಿಸಿದಳು. ಹನ್ನೊಂದಕ್ಕೆ ಬಿಕ್ಕಿದಳು.

‘ಕಟ್! ಸೂಪರ್!’ ಎಂದ ಕನಕರಾಜು.

‘ಇದೇನ್ಲಾ, ಮಾತು ಬುಟ್ಟು ಮಗ್ಗಿ ಒಪ್ಪುಸ್ತಾವ್ಳೆ?’

‘ಆವಮ್ಮಂಗೆ ಕನ್ನಡ ಬರಾಕಿಲ್ಲ ಮೇಷ್ಟ್ರೇ. ತುಟಿ ಆಡುದ್ರೆ ಸಾಕು.’

‘ಆಮ್ಯಾಕೆ ಬ್ಯಾರೆ ಯಾರಾದ್ರೂ ನನ್ನ ಮಾತಾಡ್ತಾರಾ?’

ಕನಕರಾಜು ಮಾನಿಟರಿನಿಂದ ಕಣ್ಣು ತೆಗೆಯಲಿಲ್ಲ. ‘ಅಲ್ಲಿ ಮ್ಯೂಸಿಕ್ ಹಾಕ್ಬುಡ್ತೀನಿ. ಈ ಕಣ್ ನೋಡಿ, ಇನ್ನ್ ಮಾತ್ಯಾಕೆ?’

ಮೇಷ್ಟ್ರು ಬಗ್ಗಿ ನೋಡಿದರು. ಪರದೆಯ ತುಂಬ ಇದ್ದ ಆ ಕಣ್ಣುಗಳಿಗೆ ನಿಜವಾಗಿಯೂ ಮಾತು ಬೇಕಿರಲಿಲ್ಲ.

‘ಇಂದ್ಗಡೆ ಕುಂತೋರ್ಗೆ ಗೊತ್ತಾಗ್ಬೇಕಲ್ಲಪ್ಪ,’ ಎಂದರು, ಸಣ್ಣಗೆ.

‘ಸಿನಿಮಾದಲ್ಲಿ ಎಲ್ಲಾರೂ ಮುಂದ್ಗಡೇನೇ ಮೇಷ್ಟ್ರೇ!’ ಕನಕರಾಜು ನಕ್ಕ. ‘ಅದ್ ಬುಡಿ. ನಾಳಿಕ್ಕೆ ಒಂದ್ ಕಾಮಿಡಿ ಸೀನ್ ಬೇಕು. ಗಂಡ ಎಂಡ್ತಿ ಜಗಳ, ನಾಕೇ ನಾಕ್ ಮಾತು...’

ಮೇಷ್ಟ್ರು ಫೋನಿನಲ್ಲಿದ್ದ ಎಣಿಕೆಯನ್ನು ಅಳಿಸಿದರು.

‘...ಎಮ್ಮೆ ಅಡ್ಡ ಬತ್ತದೆ, ಆಗ ಅವ್ಳು ಏನಂತಾಳೆ ಅಂದ್ರೆ... ಮೇಷ್ಟ್ರೇ?’

ಅವನು ತಲೆ ಎತ್ತುವಷ್ಟರಲ್ಲಿ ಅವರು ಹೂವಿನ ಗಿಡಗಳ ನಡುವೆ ಬಸ್ಸಿನ ರಸ್ತೆಯತ್ತ ನಡೆದಿದ್ದರು.